ಅಲ್ಲಾಡೋದನ್ನು ನೋಡುವ ಕಣ್ಣು

ತಾಳವಾಡಿ ಸೀಮೆಯ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವ ನನಗೆ ಮಕ್ಕಳು ಆಗಾಗ ಕೇಳುವ ಪ್ರಶ್ನೆ ಇದು: "ಸಾ, ರಾಡಾರ್ ಇದ್ರೂ ಶತ್ರು ವಿಮಾನ ಹೆಂಗೆ ತಪ್ಪಿಸ್ಕೊಂಡು ಬತ್ತದೆ?"

ತಗ್ಗಿನಲ್ಲಿ ಹಾರಿ ಬರುತ್ತದೆ, ಅಷ್ಟೆ. ಭೂಮಿ ಗುಂಡಗಿದೆ. ನೆಲದಿಂದ 10 ಮೀಟರ್ ಎತ್ತರದಲ್ಲಿ ನಿಲ್ಲಿಸಿದ ರಾಡಾರಿಗೆ, 100 ಮೀಟರ್ ಎತ್ತರದಲ್ಲಿ ಬರುವ ವಿಮಾನ ಸುಮಾರು 50 ಕಿ.ಮೀ. ಹತ್ತಿರ ಬರುವ ತನಕ ಕಾಣುವುದಿಲ್ಲ. ಅದಕ್ಕೇ ರಾಡಾರನ್ನೇ ವಿಮಾನಕ್ಕೆ ಏರಿಸಿದರು.

ಏರಿಸಿದ ಮೇಲೆ ಬೇರೊಂದು ತೊಂದರೆ. ಮೇಲಿನಿಂದ ನೋಡಿದರೆ ನೆಲ, ಬೆಟ್ಟ, ಮರ, ಮನೆ ಎಲ್ಲವೂ ರೇಡಿಯೋ ಅಲೆಯನ್ನು ವಾಪಸ್ ಕಳಿಸುತ್ತವೆ. ಆ ಗದ್ದಲದಲ್ಲಿ ವಿಮಾನದ ಸಣ್ಣ ಪ್ರತಿಧ್ವನಿ ಮುಳುಗಿಹೋಗುತ್ತದೆ.

ರಾಗಿ ಹೊಲದ ಅಟ್ಟಣೆಯಲ್ಲಿ ಕೂತು ಆನೆ ಕಾದವರಿಗೆ ಈ ಕಷ್ಟ ಗೊತ್ತು. ಕತ್ತಲಲ್ಲಿ ಪೊದೆಯೂ ಕಪ್ಪು, ಆನೆಯೂ ಕಪ್ಪು. "ಕಪ್ಪಗಿರೋದ್ನೆಲ್ಲ ನೋಡಬ್ಯಾಡ, ಅಲ್ಲಾಡೋದ ನೋಡ್ಲಾ" ಅಂತ ನಮ್ಮಪ್ಪ ಹೇಳೋರು. ರಾಡಾರ್ ಮಾಡುವುದೂ ಅದನ್ನೇ. ದಿಂಬಂ ಘಾಟಿಯಲ್ಲಿ ಹಾರ್ನ್ ಹೊಡೀತಾ ಬರುವ ಬಸ್ಸಿನ ಸದ್ದು ಎದುರಿಗೆ ಬರುವಾಗ ಕೀಚಲಾಗಿ, ದಾಟಿಹೋದ ಮೇಲೆ ದಪ್ಪಗೆ ಕೇಳುತ್ತದಲ್ಲ, ಅಲೆಗೂ ಹಾಗೇ ಆಗುತ್ತದೆ. ಸೆಕೆಂಡಿಗೆ 300 ಕೋಟಿ ಸಲ ಕಂಪಿಸುವ ಅಲೆ, ಸೆಕೆಂಡಿಗೆ 300 ಮೀಟರ್ ವೇಗದಲ್ಲಿ ಎದುರು ಬರುವ ವಿಮಾನಕ್ಕೆ ತಾಗಿ ಮರಳಿದಾಗ ಸುಮಾರು 6,000 ಕಂಪನ ಹೆಚ್ಚಾಗಿರುತ್ತದೆ. ಆ ಚೂರು ವ್ಯತ್ಯಾಸವೇ ಗುರುತು.

ಆದರೆ ರಾಡಾರ್ ಹೊತ್ತ ವಿಮಾನವೂ ಓಡುತ್ತಿರುತ್ತದೆ. ಬಸ್ಸಿನ ಕಿಟಕಿಯಿಂದ ಮರಗಳು ಓಡಿದ ಹಾಗೆ ಅದಕ್ಕೆ ನೆಲವೇ ಓಡುತ್ತದೆ, ಅದೂ ದಿಕ್ಕಿಗೊಂದು ವೇಗದಲ್ಲಿ. ಅದನ್ನೆಲ್ಲ ಲೆಕ್ಕ ಹಾಕಿ ಕಳೆಯಬೇಕು. ಎದುರು ಬರದೆ ಅಡ್ಡಡ್ಡಲಾಗಿ ಹಾರುವ ವಿಮಾನ ನೆಲದ ಲೆಕ್ಕದಲ್ಲೇ ಸೇರಿಕೊಂಡು ತಪ್ಪಿಸಿಕೊಳ್ಳುವುದೂ ಉಂಟು.

ಈ ವಿದ್ಯೆಯನ್ನು ನಮ್ಮವರು ಕಲಿಯಲು ಹೊರಟಾಗ ತೆತ್ತ ಬೆಲೆಯನ್ನೂ ಮಕ್ಕಳಿಗೆ ಹೇಳುತ್ತೇನೆ. ಬೆನ್ನ ಮೇಲೆ ದೊಡ್ಡ ತಟ್ಟೆ ಹೊತ್ತ ಆವ್ರೋ ವಿಮಾನವೊಂದು 1999ರ ಜನವರಿ 11ರಂದು, ನಾವಿರುವ ಇದೇ ತಮಿಳುನಾಡಿನ ಅರಕ್ಕೋಣಂ ಬಳಿ ಬಿತ್ತು. ವಿಜ್ಞಾನಿಗಳು, ವಾಯುಪಡೆಯವರು ಸೇರಿ ಎಂಟು ಜನ ತೀರಿಕೊಂಡರು. ಕೆಲಸ ನಿಂತುಹೋಯಿತು. ಮುಂದೆ ಬೆಂಗಳೂರಿನ ಅದೇ ಸಂಸ್ಥೆ 'ನೇತ್ರ'ವನ್ನು ಕಟ್ಟಿ 2017ರಲ್ಲಿ ವಾಯುಪಡೆಗೆ ಒಪ್ಪಿಸಿತು. ಅದರ ಬೆನ್ನ ಮೇಲೆ ತಿರುಗುವ ತಟ್ಟೆಯಿಲ್ಲ, ಉದ್ದನೆಯ ಪೆಟ್ಟಿಗೆಯಿದೆ. ಅಲೆಯನ್ನು ವಿದ್ಯುನ್ಮಾನದಿಂದಲೇ ತಿರುಗಿಸುತ್ತಾರೆ.

ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ. ಆದರೂ ಆ ಎಂಟು ಜನರ ವಿಷಯ ಹೇಳದೆ ನಾನು ಈ ಪಾಠ ಮುಗಿಸುವುದಿಲ್ಲ.