ಮಸಿ ಹಿಡಿದ ಗೋಡೆ

ಪುಣೆಯ ಪಕ್ಕದ ಚಿಂಚವಾಡಗಾಂವಿನ ಆ ಹಳೆಯ ಹೋಟೆಲ್ ಕಟ್ಟಡವನ್ನು ಅರ್ಧ ಕೆಡವಿ ನಿಲ್ಲಿಸಿದ್ದರು. ಮೊಮ್ಮಗಳು ಬೊಟ್ಟು ಮಾಡಿ ಕೇಳಿದಳು: "ಅಜ್ಜ, ಅದೊಂದೇ ಗೋಡೆ ಯಾಕೆ ಅಷ್ಟು ಕಪ್ಪು?"

ಅದು ನಮ್ಮ ಹೋಟೆಲಿನ ಅಡುಗೆ ಭಟ್ಟರ ಒಲೆಯ ಗೋಡೆ. 1974ರಲ್ಲಿ, ಹನ್ನೆರಡು ವರ್ಷದ ಮಾಣಿಯಾಗಿ ಕುಂದಾಪುರದ ಕಡೆಯಿಂದ ಬಂದವನು ಮೊದಲ ಚಳಿಗಾಲವಿಡೀ ಅದಕ್ಕೆ ಬೆನ್ನು ತಾಗಿಸಿ ಮಲಗಿದ್ದೆ. ಬೆಳಗಿನವರೆಗೂ ಬೆಚ್ಚಗಿರುತ್ತಿತ್ತು.

ನಮ್ಮ ರಾತ್ರಿಗೆ ಎರಡು ಗಡಿಯಾರ. ಒಂದು ಚಂದ್ರ. ಸಂಕಷ್ಟಿಯ ದಿನ ಪವನಾ ನದಿಯ ದಂಡೆಯ ಮೋರಯಾ ಗೋಸಾವಿ ದೇವಸ್ಥಾನದಿಂದ ಜನ ಚಂದ್ರೋದಯ ನೋಡಿಕೊಂಡು ಉಪವಾಸ ಬಿಡಲು ನೇರ ನಮ್ಮಲ್ಲಿಗೆ ಬರುತ್ತಿದ್ದರು. ಅಂದು ಸಾಂಬಾರಿಗೆ ಈರುಳ್ಳಿ ಇಲ್ಲ. ಇನ್ನೊಂದು ಕಾರ್ಖಾನೆಯ ಸೈರನ್, ಭೋಂಗಾ. ಎರಡನೇ ಪಾಳಿ ಬಿಟ್ಟರೆ ಟೆಲ್ಕೊದವರು, ಬಜಾಜಿನವರು, ಎಚ್.ಎ. ಔಷಧ ಕಾರ್ಖಾನೆಯವರು ಸೈಕಲ್ ಒರಗಿಸಿ ಒಳಗೆ ನುಗ್ಗುವರು. ಅವರ ಅಂಗಿಯ ಮಶೀನ್ ಎಣ್ಣೆ, ಭಟ್ಟರು ಕಾವಲಿಗೆ ಉಜ್ಜುವ ಈರುಳ್ಳಿ, ಎರಡೂ ಬೆರೆತ ವಾಸನೆ. ಇವತ್ತಿಗೂ ಗ್ಯಾರೇಜಿನ ಮುಂದೆ ಹಾದರೆ ನನಗೆ ದೋಸೆ ನೆನಪಾಗುತ್ತದೆ.

ಭಟ್ಟರು ಮಾತಾಡುವವರಲ್ಲ. ಕಾವಲಿಗೆ ನೀರು ಚಿಮುಕಿಸಿ ಕಡ್ಡಿಪೊರಕೆ ಎಳೆದು, ಆ ಸದ್ದಿನಲ್ಲೇ ಬಿಸಿ ಅಳೆಯುತ್ತಿದ್ದರು. ಪುಣೆಯ ಫರ್ಗುಸನ್ ರಸ್ತೆಯ ವೈಶಾಲಿ ಹೋಟೆಲಿನ ಜಗನ್ನಾಥ ಶೆಟ್ಟರು 2023ರಲ್ಲಿ ತೀರಿಕೊಂಡಾಗ ಪೇಪರಿನಲ್ಲಿ ಬಂತು, ಬರಲೇಬೇಕಿತ್ತು. ನಮ್ಮ ಭಟ್ಟರು ಊರಿಗೆ ಹೋಗಿ ಸತ್ತದ್ದು ನಮಗೆ ತಿಳಿದದ್ದೇ ಎರಡು ತಿಂಗಳ ಮೇಲೆ.

1989ರಲ್ಲಿ ಟೆಲ್ಕೊದಲ್ಲಿ ಕಾರ್ಮಿಕ ನಾಯಕ ರಾಜನ್ ನಾಯರ್ ಅವರ ಹೋರಾಟ. ಕಾರ್ಮಿಕರು ಪುಣೆಯ ಶನಿವಾರವಾಡೆಯ ಮುಂದೆ ಉಪವಾಸ ಕೂತರು. ಅಷ್ಟರಲ್ಲಿ ನಾನು ಗಲ್ಲಾಕ್ಕೆ ಬಂದಿದ್ದೆ. ಖಾತೆ ಪುಸ್ತಕ ತುಂಬಿತು, ಪಗಾರದ ಸುದ್ದಿಯಿಲ್ಲ. ಧಣಿಗಳು ಹೇಳಿದರು: ಚಾ, ಇಡ್ಲಿ ಖಾತೆಗೆ, ದೋಸೆಗೆ ರೊಕ್ಕ. ವಿಜಯಪುರದ ಕಡೆಯ ಒಬ್ಬ ಫಿಟ್ಟರ್ ಬೆರಳಿನ ಉಂಗುರ ತೆಗೆದು ಗಲ್ಲಾದ ಮೇಲಿಟ್ಟ. "ಇದು ಇಟ್ಕೋರಿ ಧಣಿ. ಇಡ್ಲಿಲೆ ಹೊಟ್ಟಿ ತುಂಬಂಗಿಲ್ಲ." ಧಣಿಗಳು ಉಂಗುರ ಹಿಂದಕ್ಕೆ ತಳ್ಳಿದರು. ದೋಸೆ ಕೊಡಲಿಲ್ಲ. ಆದರೆ ಒಳಗೆ ಕೂಗಿ ಹೇಳಿದರು, "ಇವರಿಗೆ ಸಾಂಬಾರ್ ಲೆಕ್ಕ ಮಾಡಬೇಡಿ." ಆತ ಎರಡು ಇಡ್ಲಿಗೆ ನಾಲ್ಕು ಬಟ್ಟಲು ಸಾಂಬಾರು ಕುಡಿದ. ಅವನ ಪುಟ ತೀರಲೇ ಇಲ್ಲ. ಯಾರೂ ಕೇಳಲೂ ಇಲ್ಲ.

ಇಷ್ಟು ಹೇಳಿದಾಗ ಜೊತೆಗಿದ್ದ ಮಗಳು, "ಎಂಥ ಕಾಲ ಅಪ್ಪ ಅದು!" ಅಂದಳು. ಹಾಗನ್ನಿಸುವಂತೆ ಹೇಳಿದ್ದು ನಾನೇ. ಮಾಣಿಗಳು ಹದಿನಾರು ಗಂಟೆ ನಿಲ್ಲುತ್ತಿದ್ದೆವು, ಕಾಲ್ಬೆರಳ ಸಂದು ನೀರಿನಲ್ಲಿ ಕೊಳೆಯುತ್ತಿತ್ತು, ಗ್ಲಾಸು ಒಡೆದರೆ ಸಂಬಳದಲ್ಲಿ ಮುರಿಯುತ್ತಿದ್ದರು. ಗಿರಾಕಿಗೆ ಬರೆದುಕೊಳ್ಳುವ ಖಾತೆಯಿತ್ತು, ಮಾಣಿಗೆ ಕೂರುವ ಸ್ಟೂಲು ಇರಲಿಲ್ಲ. ಅದನ್ನು ನಾನು ಅವಳಿಗೆ ಹೇಳಿರಲಿಲ್ಲ.

ಈಗ ವಾಕಡ್, ಪಿಂಪಳೆ ಸೌದಾಗರದ ಕಡೆ ರಾತ್ರಿಯೆಲ್ಲ ದೀಪ. ಬೆಣ್ಣೆದೋಸೆಗೂ ಸಾಲು ನಿಲ್ಲುತ್ತಾರೆ. ರೊಕ್ಕ ಮೊದಲು, ದೋಸೆ ಆಮೇಲೆ. ಹಸಿದವನ ಮುಖ ನೋಡುವವರು ಆ ಗಲ್ಲಾದಲ್ಲಿ ಯಾರೂ ಇಲ್ಲ, ಗಲ್ಲಾವೇ ಇಲ್ಲ.

ಅವತ್ತು ರಾತ್ರಿ ಮೊಮ್ಮಗಳು ಫೋನಿನಲ್ಲಿ ದೋಸೆ ತರಿಸಿದಳು. ಹನ್ನೊಂದು ದಾಟಿತ್ತು. ತಂದ ಹುಡುಗನ ಮರಾಠಿ ಕೇಳಿ ಕನ್ನಡದಲ್ಲೇ ವಿಚಾರಿಸಿದೆ. "ಅಫಜಲಪುರ ರೀ ಕಾಕಾ," ಅಂದ.

"ಕೂತುಕೋ, ನೀರು ಕುಡಿ."

ಫೋನು ತಿರುಗಿಸಿ ಮುಂದಿನ ಆರ್ಡರು ತೋರಿಸಿದ. ನಿಂತೇ ಕುಡಿದು, ಲೋಟವನ್ನು ಮೆಟ್ಟಿಲ ಮೇಲಿಟ್ಟು ಇಳಿದುಹೋದ.