ಹೇಳಿಕೊಡುವವರು

ಸಂಗೀತ ಕಚೇರಿಯಲ್ಲಿ ಹಾಡುವ ವಿದ್ವಾಂಸನಿಗೂ ಭಜನೆಯಲ್ಲಿ ಮುಂದೆ ಕುಳಿತು ಹೇಳಿಕೊಡುವ ಭಾಗವತನಿಗೂ ರಾಗವೊಂದೇ, ತಾಳವೊಂದೇ, ಅನೇಕ ವೇಳೆ ಹಾಡೂ ಒಂದೇ ಆಗಿದ್ದರೂ, ಇಬ್ಬರ ಕೆಲಸ ಮಾತ್ರ ಒಂದಕ್ಕೊಂದು ಪೂರ್ಣ ವಿರುದ್ಧವಾದುದು. ವಿದ್ವಾಂಸನು ಹಾಡುವಾಗ ನಾವು ಬಾಯಿ ಮುಚ್ಚಿಕೊಂಡಿರಬೇಕು. ನಮ್ಮಲ್ಲಿ ಯಾರಾದರೊಬ್ಬರು ಉತ್ಸಾಹ ತಡೆಯಲಾರದೆ ಪಲ್ಲವಿಯನ್ನು ಜೊತೆಗೂಡಿ ಗುನುಗಿದರೆ ಪಕ್ಕದವರು ಕಣ್ಣು ಕೆಂಪಗೆ ಮಾಡುತ್ತಾರೆ. ಭಾಗವತನು ಹಾಡುವಾಗಲಾದರೋ ಬಾಯಿ ಮುಚ್ಚಿಕೊಂಡಿರುವವನೇ ಅಪರಾಧಿ. ಆತನು ಒಂದು ಸಾಲನ್ನು ಹೇಳಿ ನಿಲ್ಲಿಸುತ್ತಾನೆ. ಮಿಕ್ಕುದನ್ನು ನಾವು ತುಂಬಬೇಕು. ತುಂಬದೆ ಹೋದರೆ ಆತನು ಗಂಧರ್ವನಂತೆಯೇ ಹಾಡಿದ್ದರೂ ಅಂದಿನ ಭಜನೆ ಕೆಟ್ಟಿತೆಂದೇ ಲೆಕ್ಕ. ತನ್ನ ವಿದ್ಯೆಗೆ ಇತರರ ಗಂಟಲಿನಲ್ಲಿ ಬೆಲೆ ಕಟ್ಟಿಸಿಕೊಳ್ಳಬೇಕಾದ ಈ ವಿಚಿತ್ರ ಪದವಿಗೆ ಸಂಬಳವಿಲ್ಲ, ಬಿರುದಿಲ್ಲ, ಅನೇಕ ಊರುಗಳಲ್ಲಿ ಕೃತಜ್ಞತೆಯೂ ಇಲ್ಲ. ಆದರೂ ಯಾವ ಕಾಲದಲ್ಲಿಯೂ ಇದು ತೆರವಾಗಿ ಉಳಿದಂತೆ ಕಾಣೆ.

ನಾನು ಬಾಲ್ಯದಲ್ಲಿ ಕಂಡ ಭಾಗವತರು ನಮ್ಮೂರಿನ ಪ್ರಾಥಮಿಕ ಪಾಠಶಾಲೆಯ ಉಪಾಧ್ಯಾಯರು. ನಸ್ಯದ ಅಭ್ಯಾಸದಿಂದಲೋ, ಹಗಲೆಲ್ಲ ಮಗ್ಗಿ ಹೇಳಿಸಿದ ಆಯಾಸದಿಂದಲೋ, ಅವರ ಧ್ವನಿಯಲ್ಲಿ ಸದಾ ಒಂದು ಬಿರುಸು ಇರುತ್ತಿತ್ತು. ಮಾಧುರ್ಯವೆಂಬುದು ಅದರ ಸಮೀಪಕ್ಕೂ ಸುಳಿದಿರಲಿಲ್ಲ. ಹಾಗಿದ್ದೂ ಧನುರ್ಮಾಸದ ಚಳಿಯಲ್ಲಿ, ಅರುಣೋದಯಕ್ಕೆ ಮುಂಚೆ, ರಾಮಮಂದಿರದ ಕಲ್ಲುಚಪ್ಪಡಿಯ ಮೇಲೆ ಕುಳಿತು ಅವರು ತಾಳ ತಟ್ಟಿದರೆಂದರೆ, ಕಂಬಳಿ ಹೊದ್ದು ತೂಕಡಿಸುತ್ತಿದ್ದ ಮುದುಕರು ಮೊದಲ್ಗೊಂಡು ಹುಗ್ಗಿಯ ಆಸೆಯಿಂದ ಬಂದು ಸಾಲುಗಟ್ಟಿದ್ದ ನಮ್ಮಂಥ ಹುಡುಗರ ಪರ್ಯಂತ ಎಲ್ಲರ ಕಂಠವೂ ತಾನಾಗಿ ಬಿಡುತ್ತಿತ್ತು. ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಬೆರಳಿಡುವ ಮುನ್ನ ಅವರು ಒಮ್ಮೆ ಕತ್ತೆತ್ತಿ ಮಂದಿರವನ್ನೆಲ್ಲ ನೋಡುತ್ತಿದ್ದರು. ಭಕ್ತರ ಸಂಖ್ಯೆಯನ್ನು ಎಣಿಸುತ್ತಿದ್ದಾರೆಂದು ನಾವು ಭಾವಿಸಿದ್ದೆವು. ಅವರು ಎಣಿಸುತ್ತಿದ್ದುದು ಗಂಟಲುಗಳನ್ನು. ಮುದುಕರು ಹೆಚ್ಚಾಗಿ ಬಂದ ದಿನ ಶ್ರುತಿ ಒಂದು ಮನೆ ಕೆಳಗೆ ಇಳಿಯುತ್ತಿತ್ತು. ಪಾಠಶಾಲೆಗೆ ರಜವಿದ್ದು ಹುಡುಗರು ನೆರೆದ ದಿನ ಮೇಲಕ್ಕೆ ಏರುತ್ತಿತ್ತು. ತಮ್ಮ ಕಂಠಕ್ಕೆ ಯಾವ ಮನೆ ಅನುಕೂಲವೆಂಬ ಪ್ರಶ್ನೆಯನ್ನು ಅವರು ಎಂದಾದರೂ ಕೇಳಿಕೊಂಡಿದ್ದರೋ ಇಲ್ಲವೋ, ಹೊರಗಿನವರಿಗಂತೂ ಅದರ ಸುಳಿವು ಸಿಕ್ಕಿರಲಿಲ್ಲ.

ಸಾಲನ್ನು ಹೇಳಿ ಮುಗಿಸಿದೊಡನೆ ತಮ್ಮ ಧ್ವನಿಯನ್ನು ಸಂಪೂರ್ಣವಾಗಿ ಹಿಂತೆಗೆದು, ತಾಳವನ್ನು ಮಾತ್ರ ಕೈಯಲ್ಲಿ ಉಳಿಸಿಕೊಂಡು, ಕತ್ತನ್ನು ಓರೆ ಮಾಡಿ ನಮ್ಮ ಹಾಡನ್ನು ಅವರು ಕೇಳುತ್ತಿದ್ದ ರೀತಿ ಈಗಲೂ ನನಗೆ ಚೆನ್ನಾಗಿ ನೆನಪಿದೆ. ಯಾರಾದರೂ ಪದವನ್ನು ತಪ್ಪಾಗಿ ಉಚ್ಚರಿಸಿದರೆ ಆ ಕಡೆಗೆ ತಿರುಗಿ ನೋಡುವವರಲ್ಲ. ಮರಳಿ ಆ ಸಾಲು ಬಂದಾಗ ಆ ಪದವೊಂದನ್ನು ಮಾತ್ರ ಬಿಡಿಸಿ, ಒತ್ತಿ, ಸ್ಫುಟವಾಗಿ ಹೇಳುವರು. ತಪ್ಪಿದವನಿಗೆ ತಿಳಿಯುತ್ತಿತ್ತು, ಅವನ ಪಕ್ಕದವನಿಗೆ ತಿಳಿಯುತ್ತಿರಲಿಲ್ಲ. ಇದೇ ಮಹನೀಯರು ಹಗಲು ಹನ್ನೊಂದು ಗಂಟೆಗೆ ಪಾಠಶಾಲೆಯಲ್ಲಿ ಅದೇ ತಪ್ಪಿಗೆ ಬೆತ್ತ ಹಿಡಿಯುತ್ತಿದ್ದರೆಂಬುದನ್ನೂ, ಸತ್ಯಕ್ಕೆ ಲೋಪ ಬಾರದಂತೆ, ಹೇಳಿಬಿಡಬೇಕು.

ಒಂದು ಏಕಾದಶಿಯ ರಾತ್ರಿ, ಊರಿಗೆ ನೆಂಟರಾಗಿ ಬಂದಿದ್ದ ಸಂಗೀತ ವಿದ್ವಾಂಸರೊಬ್ಬರನ್ನು ಮುಂದೆ ಕುಳ್ಳಿರಿಸಿದರು. ಅವರ ಕಂಠವಾದರೋ ನಿಜವಾಗಿಯೂ ಅಪೂರ್ವವಾದುದು. ಮೊದಲನೆಯ ಸಾಲನ್ನು ಸರಳವಾಗಿ ಹಾಡಿದರು. ನಾವೂ ಹಿಂದೆ ಹೇಳಿದೆವು. ಎರಡನೆಯ ಸಲ ಒಂದು ಸಂಗತಿಯನ್ನು ಸೇರಿಸಿದರು. ನಮ್ಮಲ್ಲಿ ಅರ್ಧದಷ್ಟು ಜನ ಹೇಗೋ ಅನುಸರಿಸಿದರು. ಮೂರನೆಯ ಸಂಗತಿ ತಾರಸ್ಥಾಯಿಯನ್ನು ಮುಟ್ಟಿ ಇಳಿಯುವಷ್ಟರಲ್ಲಿ ಮಂದಿರದಲ್ಲಿ ಉಳಿದಿದ್ದ ಧ್ವನಿ ಅವರದೊಂದೇ. ಹೀಗೆ ಭಜನೆಯು ಯಾರ ಅಪ್ಪಣೆಯೂ ಇಲ್ಲದೆ ಕಚೇರಿಯಾಗಿ ಮಾರ್ಪಟ್ಟಿತು. ಎಲ್ಲರೂ ತಲೆದೂಗಿದರು, ಯಾರೂ ಹಾಡಲಿಲ್ಲ. ಮಂಗಳಾರತಿ ಎಂದಿಗಿಂತಲೂ ಮುಂಚೆಯೇ ಆಯಿತು. ನಮ್ಮ ಉಪಾಧ್ಯಾಯರು ಆ ರಾತ್ರಿ ಹಿಂದಿನ ಸಾಲಿನಲ್ಲಿ ಕುಳಿತು ನಸ್ಯ ಹಾಕಿಕೊಂಡರೇ ಹೊರತು ಒಂದು ಮಾತನ್ನೂ ಆಡಲಿಲ್ಲ.

ಬಹುಕಾಲಾನಂತರ ಗ್ರಂಥಗಳಲ್ಲಿ ಕಣ್ಣಾಡಿಸುವಾಗ, ಈ ವಿದ್ವಾಂಸರಿಗೂ ನಮ್ಮ ಉಪಾಧ್ಯಾಯರಿಗೂ ನಡುವಣ ವ್ಯಾಜ್ಯವು ಅನಾದಿಯಾದುದೆಂದು ನನಗೆ ತೋರಿತು. ಸೋಮಯಾಗದಲ್ಲಿ ಸಾಮಗಾನಕ್ಕೆ ಉದ್ಗಾತೃವೆಂಬ ಋತ್ವಿಜನು ಮುಖ್ಯಸ್ಥ. ಅವನಿಗೆ ಪ್ರಸ್ತೋತೃ, ಪ್ರತಿಹರ್ತೃ ಎಂಬ ಸಹಾಯಕರು. ಪ್ರಸ್ತಾವವೆಂಬ ಆರಂಭದ ಭಾಗವನ್ನು ಪ್ರಸ್ತೋತೃವೂ, ಉದ್ಗೀಥವನ್ನು ಉದ್ಗಾತೃವೂ, ಪ್ರತಿಹಾರವನ್ನು ಪ್ರತಿಹರ್ತೃವೂ, ಉಪದ್ರವವನ್ನು ಪುನಃ ಉದ್ಗಾತೃವೂ ಹಾಡಿದ ಮೇಲೆ ನಿಧನವೆಂಬ ಅಂತ್ಯಭಾಗವನ್ನು ಮೂವರೂ ಒಟ್ಟಿಗೆ ಹಾಡಬೇಕು. ಇವರಲ್ಲದೆ ಉಪಗಾತೃಗಳೆಂಬವರು ಕೆಳಗಿನ ಸ್ವರದಲ್ಲಿ ‘ಹೋ’ ಎಂಬ ಒಂದೇ ಅಕ್ಷರವನ್ನು ಎಡೆಬಿಡದೆ ಹಿಡಿದಿರುತ್ತಾರೆ. ಇಷ್ಟು ಸೂಕ್ಷ್ಮವಾಗಿ ಕೆಲಸವನ್ನು ಹಂಚಿಟ್ಟ ಪೂರ್ವಿಕರು ಊರಿನ ಜನಕ್ಕೆ ಯಾವ ಭಾಗವನ್ನು ಕೊಟ್ಟರು ಎಂದು ಹುಡುಕಿದರೆ, ಕಿವಿಯನ್ನು ಮಾತ್ರ ಕೊಟ್ಟಂತೆ ಕಾಣುತ್ತದೆ. ಅಲ್ಲಿಯ ಗಾನವು ದೇವತೆಗಳಿಗೆ ತಲಪಬೇಕಾದ ಅತ್ಯಂತ ನಿಷ್ಕೃಷ್ಟವಾದ ಕ್ರಿಯೆ. ಸ್ವರ ತಪ್ಪಿದರೆ ಯಜ್ಞವೇ ಕೆಡುವುದರಿಂದ ಕೈಯಿಟ್ಟವರೆಲ್ಲ ಶಿಕ್ಷಿತರೇ ಆಗಿರಬೇಕಿತ್ತು.

ಆದರೆ ಉಪನಿಷತ್ತಿನ ಋಷಿಗಳು ಈ ಗಾಯಕಮಂಡಲಿಯನ್ನು ಕುರಿತು ವಿನೋದ ಮಾಡದೆ ಬಿಡಲಿಲ್ಲ. ಛಾಂದೋಗ್ಯದ ಪ್ರಥಮಾಧ್ಯಾಯದಲ್ಲಿ ಉಷಸ್ತಿ ಚಾಕ್ರಾಯಣನೆಂಬ ಬಡ ಬ್ರಾಹ್ಮಣನ ಕಥೆ ಬರುತ್ತದೆ. ಕುರುದೇಶದಲ್ಲಿ ಬೆಳೆ ಹಾಳಾಗಿ, ಹಸಿವು ತಾಳಲಾರದೆ, ಒಬ್ಬನು ತಿನ್ನುತ್ತಿದ್ದ ಎಂಜಲು ಕುಲ್ಮಾಷವನ್ನೇ ಬೇಡಿ ತಿಂದು, ಮಾರನೆಯ ಬೆಳಗ್ಗೆ ಹೆಂಡತಿ ಉಳಿಸಿಟ್ಟಿದ್ದ ಅದರ ಶೇಷವನ್ನೂ ಮುಗಿಸಿ, ಆತನು ನೇರವಾಗಿ ರಾಜನ ಯಜ್ಞಶಾಲೆಗೆ ಹೋಗುತ್ತಾನೆ. ಅಲ್ಲಿ ಹಾಡಲು ಸಿದ್ಧರಾಗಿದ್ದ ಒಬ್ಬೊಬ್ಬ ಗಾಯಕನನ್ನೂ ಕರೆದು, ನೀನು ಹಾಡುವ ಭಾಗದ ದೇವತೆ ಯಾರೆಂದು ಅರಿಯದೆ ಹಾಡಿದರೆ ನಿನ್ನ ತಲೆ ಉದುರೀತು ಎನ್ನುತ್ತಾನೆ. ಮೂವರೂ ಹಾಡುವುದನ್ನು ಬಿಟ್ಟು ಮೌನವಾಗಿ ಕುಳಿತುಬಿಡುತ್ತಾರೆ! ಕೊನೆಗೆ ಉಷಸ್ತಿಯೇ, ಅವರಿಗೆ ಕೊಡುವಷ್ಟು ದಕ್ಷಿಣೆಯನ್ನು ತನಗೂ ಗೊತ್ತುಮಾಡಿಕೊಂಡ ಮೇಲೆ, ಪ್ರಸ್ತಾವಕ್ಕೆ ಪ್ರಾಣವೂ ಉದ್ಗೀಥಕ್ಕೆ ಆದಿತ್ಯನೂ ದೇವತೆಯೆಂದು ತಿಳಿಸಿ, ಪ್ರತಿಹಾರಕ್ಕೆ ಅನ್ನವೇ ದೇವತೆಯೆಂದು ಮುಗಿಸುತ್ತಾನೆ. ಹಿಂದಿನ ದಿನ ಎಂಜಲು ತಿಂದವನ ಬಾಯಲ್ಲಿ ಈ ಉತ್ತರಕ್ಕೆ ವಿಶೇಷವಾದ ತೂಕವಿದೆ.

ಅದರ ಮುಂದಿನ ಖಂಡ ಇನ್ನೂ ಸ್ವಾರಸ್ಯವಾದುದು. ಬಕ ದಾಲ್ಭ್ಯನೆಂಬಾತನು ಸ್ವಾಧ್ಯಾಯಕ್ಕೆಂದು ಹೊರಟಾಗ ಒಂದು ಬಿಳಿಯ ನಾಯಿ ಕಾಣಿಸಿಕೊಳ್ಳುತ್ತದೆ; ಬೇರೆ ನಾಯಿಗಳು ಅದರ ಬಳಿಗೆ ಬಂದು, ಸ್ವಾಮೀ, ನಮಗೆ ಹಸಿವಾಗಿದೆ, ಅನ್ನ ದೊರೆಯುವಂತೆ ಹಾಡಬೇಕೆಂದು ಬೇಡುತ್ತವೆ. ಬೆಳಗ್ಗೆ ಬನ್ನಿ ಎಂದು ಅದು ಗೊತ್ತುಮಾಡುತ್ತದೆ. ಬೆಳಗಾದೊಡನೆ ಅವೆಲ್ಲವೂ, ಬಹಿಷ್ಪವಮಾನ ಸ್ತೋತ್ರಕ್ಕೆ ಋತ್ವಿಜರು ಒಬ್ಬರನ್ನೊಬ್ಬರು ಹಿಡಿದು ಸಾಲಾಗಿ ಸರಿಯುವಂತೆಯೇ ಸರಿದು ಬಂದು, ಕುಳಿತು, ಹಿಂಕಾರವೆತ್ತಿ ಅನ್ನಕ್ಕಾಗಿ ಹಾಡುತ್ತವೆ. ಇದನ್ನು ಪುರೋಹಿತರ ಪರಿಹಾಸವೆಂದು ಕೆಲವರೂ, ಗಂಭೀರವಾದ ಉಪಾಸನೆಯೆಂದು ಕೆಲವರೂ ವ್ಯಾಖ್ಯಾನಿಸಿದ್ದಾರೆ. ಧನುರ್ಮಾಸದ ಬೆಳಗಿನಲ್ಲಿ ತುಪ್ಪ ಮೆಣಸಿನ ಪರಿಮಳಕ್ಕೆ ಮೂಗರಳಿಸಿಕೊಂಡು ಹಾಡಿದ ಹುಡುಗರ ಪೈಕಿಯವನಾದ ನನಗೆ ಎರಡು ಅರ್ಥಗಳೂ ಏಕಕಾಲದಲ್ಲಿ ಸಮ್ಮತ.

ಗಾನವು ಶಿಕ್ಷಿತರಿಗೆ ಮಾತ್ರ ಸಲ್ಲತಕ್ಕುದೆಂಬ ಎಣಿಕೆ ಭರತಖಂಡದ್ದು ಮಾತ್ರವಲ್ಲ. ಕ್ರಿಸ್ತಶಕ 4ನೆಯ ಶತಮಾನದಲ್ಲಿ ಏಷ್ಯಾಮೈನರಿನ ಲವೊದಿಕೀಯದಲ್ಲಿ ನೆರೆದ ಧರ್ಮಸಭೆಯು, ಪೀಠವನ್ನೇರಿ ಪುಸ್ತಕ ನೋಡಿ ಹಾಡುವ ನಿಯಮಿತ ಗಾಯಕರ ಹೊರತು ಇತರರು ದೇವಾಲಯದಲ್ಲಿ ಹಾಡಕೂಡದೆಂದು ವಿಧಿಸಿತು. ಗದ್ದಲ ವಿಪರೀತವಾಗಿದ್ದಿರಬೇಕು, ಕಾರಣವಿಲ್ಲದೆ ಯಾರೂ ಇಂಥ ಕಟ್ಟಳೆ ಮಾಡರು.

ಈ ಕಟ್ಟನ್ನು ನಮ್ಮ ನಾಡಿನಲ್ಲಿ ಸಡಿಲಿಸಿದವರಲ್ಲಿ ಹರಿದಾಸರು ಪ್ರಮುಖರು. 15ನೆಯ ಶತಮಾನದಲ್ಲಿ ಮುಳಬಾಗಿಲಿನ ಶ್ರೀಪಾದರಾಜರು ಮಠದ ಪೂಜೆಯ ಸಮಯದಲ್ಲಿಯೇ ಕನ್ನಡದ ಹಾಡುಗಳನ್ನು ಹಾಡಿಸಿದರೆಂದೂ, ಅವರ ಶಿಷ್ಯರಾದ ವ್ಯಾಸರಾಯರು ವಿಜಯನಗರದಲ್ಲಿ ಆ ಪದ್ಧತಿಯನ್ನು ಬೆಳೆಸಿದರೆಂದೂ ಪರಂಪರೆ ಹೇಳುತ್ತದೆ. ಪುರಂದರದಾಸರ (1484–1564) ದೇವರನಾಮಗಳ ರಚನೆಯನ್ನು ಗಮನಿಸಿದರೆ, ಅವರು ಹಾಡನ್ನು ಕಟ್ಟುವಾಗಲೇ ಹಿಂದೆ ಕುಳಿತವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂಬುದು ಸ್ಪಷ್ಟವಾಗುತ್ತದೆ. ನುಡಿಗಳು ಎಷ್ಟೇ ಉದ್ದವಾಗಿರಲಿ, ದೃಷ್ಟಾಂತಗಳು ಎಷ್ಟೇ ಇರಲಿ, ಅವನ್ನು ನೆನಪಿನಲ್ಲಿಡುವ ಹೊರೆ ಮುಂದೆ ಹಾಡುವವನದು. ಪಲ್ಲವಿ ಮಾತ್ರ ಚಿಕ್ಕದು, ಒಮ್ಮೆ ಕೇಳಿದರೆ ನಾಲಗೆಗೆ ಹತ್ತುವಂಥದು, ಪ್ರತಿಯೊಂದು ನುಡಿಯ ಕೊನೆಗೂ ಅದು ಜನರ ಪಾಲಿಗೆ ಬರುತ್ತದೆ. ಮಾಯಾಮಾಳವಗೌಳ ರಾಗದಲ್ಲಿ ಸರಳೆ ಜಂಟಿ ವರಸೆಗಳನ್ನು ವ್ಯವಸ್ಥೆಗೊಳಿಸಿದ ಕೀರ್ತಿಯೂ ಇವರಿಗೇ ಸಲ್ಲುತ್ತದೆಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ಗುರು ಒಂದು ಸಾಲು ಹೇಳುವುದು, ಶಿಷ್ಯ ಅದನ್ನೇ ಹಿಂದೆ ಹೇಳುವುದು. ಪಾಠದ ಚಾವಡಿಗೂ ಭಜನೆಯ ಮಂದಿರಕ್ಕೂ ಕ್ರಮ ಒಂದೇ. ಹೀಗಿರುವಲ್ಲಿ ನಮ್ಮೂರಿನ ಭಾಗವತಿಕೆ ಉಪಾಧ್ಯಾಯರ ಪಾಲಿಗೆ ಬಂದುದು ಆಕಸ್ಮಿಕವೆಂದು ನಾನು ಒಪ್ಪಲಾರೆ. ಉತ್ತರ ಕರ್ನಾಟಕದಲ್ಲಿ ಏಕತಾರಿ ಹಿಡಿದು ತತ್ತ್ವಪದ ಹಾಡುವವರ ಮೇಳಗಳಲ್ಲಿಯೂ ಇದೇ ರೀತಿ ನಡೆದು ಬಂದಿದೆ.

ಅಕ್ಷರ ಬಾರದವರಿಗೆ ಹಾಡನ್ನು ಮುಟ್ಟಿಸುವ ಉಪಾಯವಾಗಿ ಹುಟ್ಟಿದ ಈ ಪದ್ಧತಿ ಇಂಗ್ಲೆಂಡಿನಲ್ಲಿಯೂ ಕಾಣಿಸಿಕೊಂಡಿತು. 1644ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಕಲೆತ ಪಂಡಿತರು ರಚಿಸಿದ ಆರಾಧನಾ ನಿಯಮಾವಳಿಯಲ್ಲಿ, ಓದು ಬಾರದವರು ಬಹಳವಾಗಿರುವ ಕಡೆ ಪಾದ್ರಿಯೋ ಅವನು ನೇಮಿಸಿದ ಇನ್ನೊಬ್ಬ ಯೋಗ್ಯನೋ ಕೀರ್ತನೆಯನ್ನು ಒಂದೊಂದೇ ಸಾಲಾಗಿ ಓದಿಕೊಡುವುದು ಉಚಿತವೆಂದು ಬರೆದರು. ಸದ್ಯಕ್ಕೆ ಇರಲಿ ಎಂದು ಅವರು ಮಾಡಿದ ಈ ಏರ್ಪಾಟು, ಜನರು ಓದು ಕಲಿತ ಎಷ್ಟೋ ಕಾಲದ ಮೇಲೂ ಉಳಿಯಿತು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಗೇಲಿಕ್ ಭಾಷೆಯ ಕೀರ್ತನೆಗಳನ್ನು ಇಂದಿಗೂ ಒಬ್ಬನು ಹೇಳಿಕೊಟ್ಟು ಉಳಿದವರು ಅಲೆಯಲೆಯಾಗಿ ಎತ್ತಿಕೊಳ್ಳುತ್ತಾರೆ.

ಈ ವರ್ಗದವರಲ್ಲಿ ನನಗೆ ಅತ್ಯಂತ ಪ್ರಿಯನಾದವನು ಅಮೆರಿಕದ ಬಾಸ್ಟನ್ ನಗರದ ನ್ಯಾಯಾಧೀಶ ಸ್ಯಾಮ್ಯುಯಲ್ ಸ್ಯೂಯಲ್. 1692ರಲ್ಲಿ ಸೇಲಂ ಊರಿನ ಮಾಟಗಾತಿಯರ ವಿಚಾರಣೆಯಲ್ಲಿ ಕುಳಿತು ಶಿಕ್ಷೆ ವಿಧಿಸಿದವರಲ್ಲಿ ಒಬ್ಬನಾಗಿದ್ದು, ಐದು ವರ್ಷಗಳ ತರುವಾಯ ತುಂಬಿದ ಸಭೆಯಲ್ಲಿ ಎದ್ದುನಿಂತು ಆ ದೋಷವನ್ನು ತನ್ನ ತಲೆಯ ಮೇಲೆ ಹೊತ್ತ ಧೀರನೀತ. ಈತನೇ ತನ್ನ ಸಭೆಗೆ 24 ವರ್ಷ ಕಾಲ ಧಾಟಿ ಹಿಡಿದು ಹಾಡಿಸುವವನೂ ಆಗಿದ್ದ. 1718ರ ಫೆಬ್ರವರಿಯ ಒಂದು ಭಾನುವಾರ ಈತನು ‘ಯಾರ್ಕ್’ ಎಂಬ ಧಾಟಿಯನ್ನು ಎತ್ತಿಕೊಟ್ಟರೆ ಸಭಿಕರು ಎರಡನೆಯ ಸುತ್ತಿನಲ್ಲಿಯೇ ಅದನ್ನು ಬಿಟ್ಟು ‘ಸೇಂಟ್ ಡೇವಿಡ್’ ಎಂಬ ಬೇರೆಯ ಧಾಟಿಗೆ ಜಾರಿಬಿಟ್ಟರು. ಮೂರು ವಾರದ ಹಿಂದೆಯೂ ಹಾಗೆಯೇ ಆಗಿತ್ತು. ಊರಿನವರ ಪ್ರಾಣದಂಡನೆಗೆ ಸಹಿ ಹಾಕಬಲ್ಲ ಅಧಿಕಾರವಿದ್ದವನು ಅವರನ್ನು ಒಂದು ಧಾಟಿಯಲ್ಲಿ ನಿಲ್ಲಿಸಲಾರದೆ ಹೋದ! ಆತನು ಸಿಟ್ಟಾಗಲಿಲ್ಲ, ತನಗಿಂತ ಉತ್ತಮವಾದ ಕಂಠಕ್ಕೆ ಜಾಗ ಬಿಡಬೇಕೆಂಬ ಸೂಚನೆಯಿದೆಂದು ದಿನಚರಿಯಲ್ಲಿ ಬರೆದುಕೊಂಡು ಆ ಕೆಲಸದಿಂದ ಬಿಡುಗಡೆ ಪಡೆದ. ಜನಕ್ಕೆ ಹಾಡು ಕಲಿಸುವವನು ಜನದಿಂದಲೇ ಇಳಿಯಬೇಕಾದ ಸಮಯವನ್ನು ಇಷ್ಟು ಬೇಗನೆ ಗ್ರಹಿಸಿದ ಉದಾಹರಣೆ, ನಾನು ಬಲ್ಲ ಭಜನಾಮಂಡಲಿಗಳ ಚರಿತ್ರೆಯಲ್ಲಿ ಸಿಕ್ಕುವುದು ದುರ್ಲಭ.

ಧ್ವನಿವರ್ಧಕ ಬಂದ ಮೇಲಂತೂ ಇಳಿಯಬೇಕಾದ ಅಗತ್ಯವೇ ಯಾರ ಅರಿವಿಗೂ ಬಾರದಂತಾಗಿದೆ. ಯಂತ್ರವನ್ನು ಮುಂದಿನವರ ಬಾಯಿಗೆ ಹಿಡಿದಿರುವುದರಿಂದ ಹಿಂದಿನವರು ಹಾಡಿದರೋ ಬಿಟ್ಟರೋ ಬೀದಿಗೆ ತಿಳಿಯದು. ಕ್ರಮೇಣ ಹಿಂದಿನವರಿಗೂ ತಿಳಿಯದು. ಲವೊದಿಕೀಯದ ಆಚಾರ್ಯರು ಕಟ್ಟಳೆಯಿಂದ ಸಾಧಿಸಬಯಸಿದುದನ್ನು ಬಾಡಿಗೆಗೆ ಬರುವ ಒಂದು ತುತ್ತೂರಿ ಅನಾಯಾಸವಾಗಿ ಸಾಧಿಸುತ್ತಿದೆ.

ನಾನೀಗ ವಾಸಮಾಡುವ ಬಡಾವಣೆಯಲ್ಲಿ ಹೇಳಿಕೊಡುವ ಪೀಠ ಹೆಂಗಸರ ಕೈಗೆ ಬಂದಿದೆ. ಇದರಲ್ಲಿ ಹೊಸತೇನೂ ಇಲ್ಲ. ಒಬ್ಬಳು ಹೇಳಿ ಉಳಿದವರು ಸೊಲ್ಲು ಹಿಡಿಯುವ ಸೋಬಾನೆಯ ಪದ್ಧತಿಯನ್ನು ಅವರು ಗಂಡಸರನ್ನು ಕೇಳಿ ಕಲಿತವರಲ್ಲ. ಈಗ ಮುಂದೆ ಕುಳಿತುಕೊಳ್ಳುವ ತಾಯಿ ಧ್ವನಿವರ್ಧಕವನ್ನು ಮೊದಲನೆಯ ದಿನವೇ ಹಿಂದಿರುಗಿಸಿದ ಗಟ್ಟಿಗಿತ್ತಿ. ತೊಡಕು ಬಂದಿರುವುದು ಶ್ರುತಿಯಲ್ಲಿ. ಅವರು ಐದು ಮನೆಗೆ ಎತ್ತಿದರೆ ನಾವು ಗಂಡಸರು ಮೇಲೂ ಸಲ್ಲದೆ ಕೆಳಗೂ ಸಲ್ಲದೆ ಉಪಗಾತೃಗಳಂತೆ ‘ಹೋ’ ಎಂದು ಹಿಡಿದಿರಬೇಕಾಗುತ್ತದೆ. ನಮ್ಮ ಪರವಾಗಿ ನಿವೃತ್ತ ಅಮಲ್ದಾರರೊಬ್ಬರು ವಿಷಯವನ್ನು ಪ್ರಸ್ತಾಪಿಸಿದಾಗ ಆಕೆ, “ಇಷ್ಟು ವರ್ಷ ನಿಮ್ಮ ಒಂದು ಮನೆಗೆ ನಾವು ಹೊಂದಿಕೊಂಡು ಹೇಳಲಿಲ್ಲವೇ ರಾಯರೇ?” ಎಂದು ಕೇಳಿದರು. ಅಮಲ್ದಾರರ ಬಳಿ ಉತ್ತರವಿರಲಿಲ್ಲ. ಮೂರು ಮನೆಗೆ ರಾಜಿಯಾಗಬಹುದೆಂದು ಕೆಲವರ ಅಭಿಪ್ರಾಯ. ಅದು ಇಬ್ಬರಿಗೂ ಕಷ್ಟವೆಂದು ಹಾರ್ಮೋನಿಯಂ ಬಾರಿಸುವ ಹುಡುಗನ ವಾದ. ಇತ್ಯರ್ಥಕ್ಕಾಗಿ ಬರುವ ದಶಮಿಯ ಸಂಜೆ ಸಭೆ ಕರೆದಿದ್ದಾರೆ.