ಸುತ್ತಿದ ರೀಲಿನೊಳಗಿನ ಬಿಗಿ

ಡೊಳ್ಳಿನ ಪದ ಹಾಡುವವರಿಗೆ ಬಿಗಿ ಅಂದರೇನು ಅಂತ ಯಾರೂ ಕಲಿಸಬೇಕಾಗಿಲ್ಲ. ಸಂಜಿಮುಂದ ಹಗ್ಗ ಎಳೆದು ಡೊಳ್ಳು ಬಿಗಿತೀವಿ, ನಡುರಾತ್ರಿಗೆ ದನಿ ಇಳಿದಿರತೈತಿ. ಗಂಟು ಬಿಚ್ಚಿರೂದಿಲ್ಲ. ಥಂಡಿಗೆ ಚರ್ಮ ಮೆತ್ತಗಾಗೂದು ಖರೆ. ಎಳೆದ ಚರ್ಮ ಸಾವಕಾಶ ತಾನೇ ಹಿಗ್ಗಿ ಬಿಗಿ ಬಿಡೂದೂ ಖರೆ. ಕ್ಯಾಸೆಟ್ಟಿನ ರೀಲಿಗೂ ಇಂಥದೇ ಗುಣ ಐತಿ.

ನಮ್ಮ ಮೇಳದ ಹಿರಿಯರು ತೀರಿಕೊಂಡು ಭಾಳ ವರ್ಷ ಆತು. ಅವರಿಗೆ ಅಕ್ಷರ ಬರತಿರಲಿಲ್ಲ, ಪದ ಎಲ್ಲಾ ಬಾಯಾಗ. ಜತ್ತ ಕಡೆಯ ಜಾತ್ರಿಗಳೊಳಗ ಅವರು ಹಾಡಿದ್ದನ್ನು ತುಂಬಿಕೊಂಡ ಏಳು ಕ್ಯಾಸೆಟ್ ನನ್ನ ಹತ್ತಿರ ಅದಾವು. ಕೆಲವು ಪದ ನನಗೂ ಪೂರಾ ಬರೂದಿಲ್ಲ. ಆ ರೀಲಿನಾಗಷ್ಟೇ ಉಳಿದಾವು.

60 ನಿಮಿಷದ ಕ್ಯಾಸೆಟ್ಟಿನ ಒಂದು ಬದಿ 30 ನಿಮಿಷ. ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡತೈತಿ. ಲೆಕ್ಕ ಹಾಕಿದರ 85 ಮೀಟರಿಗೂ ಹೆಚ್ಚು ಉದ್ದ. ದಪ್ಪ ಮಾತ್ರ ಒಂದು ಮಿಲಿಮೀಟರಿನ 50ನೇ ಭಾಗಕ್ಕಿಂತ ಕಡಿಮೆ. ಆ ಪಾಲಿಯೆಸ್ಟರ್ ಪಟ್ಟಿ ಸಣ್ಣ ಗಾಲಿಯ ಮ್ಯಾಲ ನೂರಾರು ಸುತ್ತು ಕುಂತಿರತೈತಿ.

ರುಮಾಲು ಸುತ್ತಿದಾಂಗ, ಮ್ಯಾಲಿನ ಒಂದೊಂದು ಸುತ್ತು ಕೆಳಗಿನದನ್ನು ಹಿಚುಕತೈತಿ. ಎಳೆದು ಸುತ್ತಿದ ಒಳಗಿನ ಸುತ್ತು ಆ ಒತ್ತಡಕ್ಕೆ ಕುಗ್ಗಿ ತನ್ನ ಎಳೆತ ಕಳಕೊಳ್ಳತೈತಿ. ಒಮ್ಮೊಮ್ಮೆ ಎಳೆತ ಪೂರಾ ಹೋಗಿ ಉದ್ದಕ್ಕೂ ದೂಡಿದಾಂಗ ಆಗಿ ನಿರಿಗಿ ಬೀಳತಾವು. ಹೊರಗಿನ ಸುತ್ತು ಮಾತ್ರ ಬಿಗಿಯಾಗೇ ಕಾಣತೈತಿ. ಹೊರಗಿಂದ ನೋಡಿ ಒಳಗಿನದು ಹೇಳಾಕ ಬರೂದಿಲ್ಲ.

ಅದರ ಮ್ಯಾಲ ಕಾಲ ಬ್ಯಾರೆ. ಈ ಪಾಲಿಯೆಸ್ಟರಿಗೆ ಅರ್ಧ ರಬ್ಬರಿನ ಗುಣ, ಅರ್ಧ ಕಾಕಂಬಿಯ ಗುಣ. ಎಳೆದರ ಹಿಂದಕ್ಕ ಬರತೈತಿ, ಆದರ ಎಳೆದೇ ಇಟ್ಟರ ಸಾವಕಾಶ ಆ ಉದ್ದಕ್ಕೇ ಹೊಂದಿಕೊಳ್ಳತೈತಿ. ಇದಕ್ಕೆ ವಿಸ್ಕೋಇಲಾಸ್ಟಿಕ್ ಅಂತಾರೆಂದು ಸಾಲಿ ಮಾಸ್ತರರು ಹೇಳಿದರು. ಬಿಸಲಿನ ಝಳ ಇದ್ದರ ಇದು ಇನ್ನೂ ಲಗೂನ ಆಗತೈತಿ. ಸುತ್ತು ಸುತ್ತಿನ ನಡುವಿನ ಹಿಡಿತ ತಪ್ಪಿದ ರೀಲನ್ನು ಒಮ್ಮೆಲೇ ಜೋರಾಗಿ ಓಡಿಸಿದರ ನಡುವಿನ ಸುತ್ತುಗಳು ಜಾರಿ ಮಡಚತಾವು.

ತೋಟಕ್ಕೆ ತರುವ ಮಲ್ಚಿಂಗ್ ಪೇಪರಿಗೂ ಇದೇ ನ್ಯಾಯ. ಸಡಿಲು ಸುತ್ತಿದ ರೋಲು ಒಂದು ಬದಿಗೆ ಜಾರತೈತಿ. ಅತಿ ಬಿಗಿ ಸುತ್ತಿದರ ನಡುವಿನ ಕೊಳವಿಯೇ ಜಜ್ಜತೈತಿ. ಪೇಪರ್ ಹರಿದರ ಮತ್ತೊಂದು ರೋಲು ತರಬಹುದು. ದನಿ ಎಲ್ಲಿಂದ ತರೂದು?

ಹೋದ ವರ್ಷ ಏಳೂ ಕ್ಯಾಸೆಟ್ ಮೆಲ್ಲಕ ಓಡಿಸಿ ಮೊಬೈಲಿಗೆ ತುಂಬಿದಿವಿ. ಆರು ಸರಿ ಬಂದವು. ಏಳನೇದರಾಗ ನಡುವೆ ನಿರಿಗಿ ಬಿದ್ದು, ಒಂದು ಪದದ ಎರಡು ನುಡಿ ಹೋಗ್ಯಾವು. ಹಿಮ್ಮೇಳದವರನ್ನು ಕೇಳಿದೆ, ಯಾರಿಗೂ ನೆನಪಿಲ್ಲ.

ಅದಕ್ಕ ಕೇಳಿಕೊಳ್ಳತೀನಿ. ಮನ್ಯಾಗ ಹಿರಿಯರ ದನಿ ಇರೋ ಕ್ಯಾಸೆಟ್ ಇದ್ದರ ಪತ್ರಾಸಿನ ಕೆಳಗಿನ ಝಳದಾಗ ಇಡಬ್ಯಾಡ್ರಿ, ಸ್ಪೀಕರಿನ ಹತ್ತಿರಾನೂ ಬ್ಯಾಡ. ಜೋರಾಗಿ ಸುತ್ತದ, ಹಾಡಿನ ವೇಗದಾಗೇ ಈ ತುದಿಯಿಂದ ಆ ತುದಿತನಕ ಓಡಿಸಿ, ನಿಲ್ಲಿಸಿ ಇಡ್ರಿ. ವರ್ಷಕ್ಕೊಮ್ಮೆ ಹೀಂಗ ಮಾಡ್ರಿ. ಓಡುವಾಗ ಮನಿ ಹುಡುಗರನ್ನು ಹತ್ತಿರ ಕೂಡಿಸ್ರಿ. ಒಂದು ನುಡಿಯಾದರೂ ಅವರ ಬಾಯಿಗೆ ಬರಲಿ.